ಕ್ರಿಯಾಪದದ ಬಾಲ

ಕನ್ನಡ ವಾಕ್ಯ ಕಟ್ಟುವುದನ್ನು ಹೊರಗಿನವರಿಗೆ ಕಲಿಸುವ ಕೆಲಸ ಚೆನ್ನೈಗೆ ಹೊಸತಲ್ಲ. ಕಂಪನಿ ಸರ್ಕಾರದ ಅಧಿಕಾರಿಗಳಿಗೆ ದಕ್ಷಿಣದ ಭಾಷೆಗಳನ್ನು ಕಲಿಸಲು ಸೇಂಟ್ ಜಾರ್ಜ್ ಕೋಟೆಯ ಕಾಲೇಜು 1812ರಲ್ಲಿ ಶುರುವಾಯಿತು. ಜಾನ್ ಮೆಕೆರೆಲ್ ಬರೆದ ಕನ್ನಡ ವ್ಯಾಕರಣ 1820ರಲ್ಲಿ ಇಲ್ಲೇ ಅಚ್ಚಾಯಿತು. ಈಗ ಕಲಿಯುವವರು ಬೇರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್ ಆಡುವ ಮಕ್ಕಳು. ಇವರೆದುರು ಮೊದಲ ದಿನವೇ ಬೋರ್ಡಿನ ಮೇಲೆ ಕರ್ತೃ, ಕರ್ಮ, ಕ್ರಿಯಾಪದ ಎಂದು ಬರೆಯುವ ಮೇಷ್ಟ್ರ ಮೇಲೆ ನನಗೆ ಗೌರವವಿದೆ, ಕ್ರಮಕ್ಕೆ ಒಪ್ಪಿಗೆಯಿಲ್ಲ.

ಕ್ರಿಯಾಪದ ಕೊನೆಗೆ ಬರುತ್ತದೆಂದು ತಮಿಳು ಬಲ್ಲ ಮಗುವಿಗೆ ಯಾರೂ ಹೇಳಬೇಕಿಲ್ಲ. ಅಲ್ಲಿಂದಲೇ ಹಿಂದಕ್ಕೆ ನಡೆಸಿ. 'ಅಕ್ಕ ತಮ್ಮನಿಗೆ ದೋಸೆ ಕೊಟ್ಟಳು.' ಕೊಟ್ಟಿದ್ದು ಯಾರು, ಏನು, ಯಾರಿಗೆ? ಮೂರು ಪ್ರಶ್ನೆಗೆ ವಾಕ್ಯ ಬಿಚ್ಚಿಕೊಳ್ಳುತ್ತದೆ.

ಸಿಕ್ಕು ಬೀಳುವುದು 'ನನಗೆ ಜ್ವರ ಬಂದಿದೆ' ಎಂಬಲ್ಲಿ. ಕರ್ತೃವೆಂದರೆ ಕೆಲಸ ಮಾಡುವವನು ಎಂದು ಕಲಿತ ಮಗು 'ನನಗೆ' ಅನ್ನುವುದನ್ನೇ ಕರ್ತೃ ಮಾಡುತ್ತದೆ. ನರಳುತ್ತಿರುವವನು ಅವನೇ ತಾನೇ! ಜ್ವರ ಪಾಪ ಏನು ಕೆಲಸ ಮಾಡೀತು? ಆದರೆ ಕ್ರಿಯಾಪದ 'ಬಂದಿದ್ದೇನೆ' ಆಗಿಲ್ಲ, 'ಬಂದಿದೆ' ಆಗಿದೆ. ಅದರ ಬಾಲ ಹಿಡಿದಿರುವುದು ಜ್ವರವನ್ನು. ಎರಡು ಜ್ವರ ಬಂದರೆ 'ಬಂದಿವೆ'. ಹೀಗೆ ಬದಲಾಯಿಸಿ ನೋಡುವುದನ್ನು ಕಲಿತರೆ ಸಾಕು, ವ್ಯಾಖ್ಯಾನ ಆಮೇಲೆ ಬರಲಿ. ಸರಳ ಮಾಡುತ್ತೇವೆಂದು ನಾಳೆ ಸುಳ್ಳಾಗುವ ನಿಯಮ ಕೊಡುವುದಕ್ಕಿಂತ ನಿಯಮ ಕೊಡದಿರುವುದು ಮೇಲು.

ವಿಭಕ್ತಿಗಳ ಪಟ್ಟಿಯನ್ನೂ ಕೊಂಚ ಇಳಿಸಬಹುದು. ಪಂಚಮಿಯೆಂದು ಬಾಯಿಪಾಠ ಮಾಡಿಸುವ 'ಮರದ ದೆಸೆಯಿಂದ' ಎಂಬುದನ್ನು ಯಾವ ಮನೆಯಲ್ಲಿ ಯಾರು ಆಡುತ್ತಾರೆ? ಹಣ್ಣು ಬೀಳುವುದು ಮರದಿಂದ, ಕೊಯ್ಯುವುದು ಚಾಕುವಿನಿಂದ, ಎರಡಕ್ಕೂ ಒಂದೇ 'ಇಂದ'. ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಕೂರಿಸುವ ಈ ಪಾಡಿನ ಬಗ್ಗೆ ಡಿ.ಎನ್. ಶಂಕರ ಬಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂಬ ಪುಸ್ತಕವನ್ನೇ ಬರೆದರು.

ಹಾಗೆಂದು ತಮಿಳಿನ ಆಸರೆ ಎಲ್ಲ ಕಡೆ ನಡೆಯದು. ಚೆನ್ನೈ ಆಡುಮಾತಿನಲ್ಲಿ ಇಲ್ಲ, ಅಲ್ಲ ಎರಡಕ್ಕೂ 'ಇಲ್ಲೆ'ಯೇ ಸಾಕು. ಅದೇ ರೂಢಿಯಲ್ಲಿ ಹುಡುಗ 'ಅವರು ಮೇಷ್ಟ್ರು ಇಲ್ಲ' ಅಂದುಬಿಡುತ್ತಾನೆ. ಇಲ್ಲಿ ತಿದ್ದಲೇಬೇಕು. 'ಮನೆಯಲ್ಲಿ ಮೇಷ್ಟ್ರು ಇಲ್ಲ', 'ಅವರು ಮೇಷ್ಟ್ರು ಅಲ್ಲ' ಎರಡನ್ನೂ ಪಕ್ಕಪಕ್ಕ ಬರೆಸಿ, ಆಮೇಲೆ ಅವನ ತಮಿಳು ಪಠ್ಯಪುಸ್ತಕವನ್ನೇ ತೆರೆಸಿ: ಬರಹದ ತಮಿಳಿನಲ್ಲಿ 'ಅಲ್ಲ' ಇನ್ನೂ ಇದೆ, ಅವನೇ ಹುಡುಕಿ ತೋರಿಸಲಿ.