ಕೊರವಂಜಿಗೆ ಅಕ್ಕಿ ಹಾಕಿದವರು ಯಾರು?

ನಮ್ಮ ತಂದೆ ಬಂಗಾರಪೇಟೆ ರೈಲು ನಿಲ್ದಾಣದಲ್ಲಿ ಪಾರ್ಸೆಲ್ ಗುಮಾಸ್ತರಾಗಿದ್ದರು. ಬೆಂಗಳೂರಿನಿಂದ ಬರುವ ಪತ್ರಿಕೆಗಳ ಕಟ್ಟು ಮೊದಲು ಅವರ ತಕ್ಕಡಿ ಏರಿ, ಆಮೇಲೆ ಏಜೆಂಟರ ಸೈಕಲ್ ಏರುತ್ತಿತ್ತು. ಮಾರಾಟವಾಗದೆ ಹಿಂದಿರುಗುವ ಕಟ್ಟುಗಳೂ ಅದೇ ತಕ್ಕಡಿಯ ಮೇಲೆ ಬಂದು ಕೂರುತ್ತಿದ್ದವು. "ಬಂದಾಗಿನ ತೂಕ, ಹೋಗುವಾಗಿನ ತೂಕ, ಎರಡನ್ನೂ ನೋಡಿಬಿಟ್ಟರೆ ಆ ಪತ್ರಿಕೆಯ ಆಯುಸ್ಸು ಹೇಳಬಹುದು, ಜ್ಯೋತಿಷ್ಯ ಬೇಡ" ಎನ್ನುತ್ತಿದ್ದರು. ಪತ್ರಿಕೆಯೆಂದರೆ ಬರೀ ಬರಹವಲ್ಲ, ಅದಕ್ಕೊಂದು ತೂಕವಿದೆ, ಲೆಕ್ಕವಿದೆ ಎಂಬುದು ನನಗೆ ಹೀಗೆ ಚಿಕ್ಕಂದಿನಲ್ಲೇ ತಿಳಿಯಿತು.

ಅವರ ಕಬ್ಬಿಣದ ಟ್ರಂಕಿನಲ್ಲಿ 'ಕೊರವಂಜಿ'ಯ ಹಳೆಯ ಸಂಚಿಕೆಗಳಿದ್ದವು. ದಬ್ಬಳದಲ್ಲಿ ಚುಚ್ಚಿ ಸೆಣಬಿನ ದಾರದಿಂದ ಹೊಲಿದ ಮೂರು ಕಟ್ಟು. ನಾನು ಹುಟ್ಟುವ ಮೊದಲೇ ಆ ಪತ್ರಿಕೆ ನಿಂತುಹೋಗಿತ್ತು. ಏಳನೇ ತರಗತಿಯ ಬೇಸಿಗೆ ರಜೆಯಲ್ಲಿ ನಾನು ಅವುಗಳನ್ನು ಓದಿದ್ದು, ನುಸಿಗುಳಿಗೆಯ ವಾಸನೆಯ ಜೊತೆಗೆ. ಈಗಲೂ ನುಸಿಗುಳಿಗೆಯ ವಾಸನೆ ಬಂದರೆ ನನಗೆ ನಗು ಬರುತ್ತದೆ. ಮನೆಯವರಿಗೆ ಇದು ಅರ್ಥವಾಗುವುದಿಲ್ಲ.

ಕೊರವಂಜಿ ಎಂದರೆ ಯಾರು? ನಮ್ಮ ಅಜ್ಜಿಯರ ಕಾಲದಲ್ಲಿ ಬುಟ್ಟಿ ಹೊತ್ತು, ಕೈಯಲ್ಲೊಂದು ಕೋಲು ಹಿಡಿದು, ಮನೆಮನೆಯ ಬಾಗಿಲಲ್ಲಿ ಕುಳಿತು ಕಣಿ ಹೇಳುತ್ತಿದ್ದವಳು. ಮನೆಯೊಡತಿಯ ಕೈ ನೋಡಿ, ಅವಳ ಮನಸ್ಸಿನ ಗುಟ್ಟನ್ನು ಅವಳ ಮುಖಕ್ಕೇ ಹೇಳಿಬಿಡುವವಳು. ಹಾಗೆ ಹೇಳಿದ್ದಕ್ಕೆ ಮೊರದಲ್ಲಿ ಅಕ್ಕಿ ಪಡೆಯುವವಳು. ಹಾಸ್ಯಪತ್ರಿಕೆಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಗುವುದು ಕಷ್ಟ. ಆದರೆ ಅಕ್ಕಿ ಹಾಕುವವರ ಮುಖಕ್ಕೇ ನಿಜ ಹೇಳಿ ಅಕ್ಕಿಯನ್ನೂ ಪಡೆಯುವುದು ಸುಲಭವೆ? ಓದಿ ನಗುವಾಗ ನನಗೆ ಈ ಪ್ರಶ್ನೆ ಹೊಳೆಯಲಿಲ್ಲ. ಹೊಳೆದದ್ದು ನನ್ನ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ. ಆ ಕತೆಗೆ ಆಮೇಲೆ ಬರುತ್ತೇನೆ.

'ಕೊರವಂಜಿ' ಆರಂಭವಾದದ್ದು 1942ರಲ್ಲಿ. ಯುದ್ಧದ ಕಾಲ, ಕಾಗದಕ್ಕೆ ಬರ. ಅಂಥ ಹೊತ್ತಿನಲ್ಲಿ ನಗುವುದಕ್ಕೆಂದೇ ಒಂದು ಮಾಸಪತ್ರಿಕೆ ಹೊರಡಿಸಿದವರು ಡಾಕ್ಟರ್ ಎಂ. ಶಿವರಾಂ, ಕನ್ನಡಿಗರು 'ರಾಶಿ' ಎಂದು ಕರೆದವರು. ಬೆಂಗಳೂರಿನ ಮೆಜೆಸ್ಟಿಕ್ ಕಡೆ ಅವರ ದವಾಖಾನೆ. ಬಂದ ರೋಗಿಗೆ ಔಷಧಿ, ಓದುಗರಿಗೆ ನಗೆ. ಮನಸ್ಸಿನ ಕಾಯಿಲೆಗಳನ್ನು ಕುರಿತು ಅವರು ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಜನ ಏನು ಹೇಳುತ್ತಾರೆ, ಏನನ್ನು ಮುಚ್ಚಿಡುತ್ತಾರೆ ಎಂಬುದನ್ನು ದಿನವಿಡೀ ಕೇಳಿಸಿಕೊಳ್ಳುವ ಕಿವಿ ವೈದ್ಯರದು. ಹಾಸ್ಯಪತ್ರಿಕೆಯ ಸಂಪಾದಕನಿಗೆ ಬೇಕಾದದ್ದೂ ಅಂಥದೇ ಕಿವಿ.

ಪತ್ರಿಕೆ 1967ರವರೆಗೆ, ಇಪ್ಪತ್ತೈದು ವರ್ಷ ನಡೆಯಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಕೆ. ಲಕ್ಷ್ಮಣ್ ಅದಕ್ಕೆ ವ್ಯಂಗ್ಯಚಿತ್ರ ಬರೆದರು. ಮುಂದೆ ಮುಂಬಯಿಗೆ ಹೋಗಿ ಅವರು ಸೃಷ್ಟಿಸಿದ 'ಶ್ರೀಸಾಮಾನ್ಯ'ನನ್ನು ನೀವೆಲ್ಲ ಬಲ್ಲಿರಿ. ಚೌಕಳಿ ಕೋಟಿನ ಆತ ಬಾಯಿ ಬಿಡುವುದಿಲ್ಲ, ಮಾತೆಲ್ಲ ಸುತ್ತಲಿನವರದು. ನಾ. ಕಸ್ತೂರಿ, ಅ.ರಾ.ಸೇ., ದಾಶರಥಿ ದೀಕ್ಷಿತ, ಟಿ. ಸುನಂದಮ್ಮ ಇವರೆಲ್ಲ 'ಕೊರವಂಜಿ'ಯಲ್ಲಿ ಬರೆದವರು.

ಹಾಸ್ಯವನ್ನು ಹೇಗೆ ತಯಾರು ಮಾಡುತ್ತಿದ್ದರು ಎಂದು ತಿಳಿಯಬೇಕಾದರೆ ಕಸ್ತೂರಿಯವರ 'ಅನರ್ಥಕೋಶ' ನೋಡಬೇಕು. ದಿನವೂ ಆಡುವ ಒಂದು ಪದ ತೆಗೆದುಕೊಳ್ಳುವುದು, ಅದನ್ನು ಬೇರೆ ಜಾಗದಲ್ಲಿ ಒಡೆಯುವುದು, ನಿಘಂಟಿನ ಗಂಭೀರ ಧಾಟಿಯಲ್ಲೇ ತಲೆಕೆಳಗಾದ ಅರ್ಥ ಕೊಡುವುದು. ಮುಖ ಗಂಟಿಕ್ಕಿಕೊಂಡೇ ನಗಿಸುವ ವಿದ್ಯೆ ಇದು. ವಿಡಂಬನೆಯ ಸುದ್ದಿ ಬರೆಯುವವರ ವಿದ್ಯೆಯೂ ಇದೇ ಅಲ್ಲವೆ? ಸುದ್ದಿಯ ಗಾಂಭೀರ್ಯ ಹಾಗೇ ಇರಬೇಕು, ಒಳಗಿನ ಸರಕು ಮಾತ್ರ ಬದಲಾಗಬೇಕು. ಮಲಯಾಳಿ ಮನೆಮಾತಿನ ಕಸ್ತೂರಿಯವರಿಗೆ ಕನ್ನಡ ಇಷ್ಟು ಸಲೀಸಾಗಿ ಒಲಿಯಿತಲ್ಲ ಎಂದು ನನಗೆ ಆಶ್ಚರ್ಯ. ಬಹುಶಃ ಹೊರಗಿನಿಂದ ಬಂದವರ ಕಿವಿಗೆ ನಮ್ಮ ಪದಗಳ ಬಿರುಕು ಬೇಗ ಕೇಳಿಸುತ್ತದೆ. ಹಿಂದಿನ ದಿನದ ಪಾತ್ರೆಗೆ ತಂಗಳು ವಾಸನೆ ಬಂದಿದೆ ಎಂದು ಮೊದಲು ಹೇಳುವವಳು ಹೊಸ ಸೊಸೆಯೇ ತಾನೆ?

ಮಾಸಪತ್ರಿಕೆಯೆಂಬ ಕಾರಣಕ್ಕೂ 'ಕೊರವಂಜಿ'ಯ ನಗೆಗೆ ಒಂದು ಗುಣ ಬಂದಿತ್ತು. ತಿಂಗಳಿಗೊಮ್ಮೆ ಬರುವ ಪತ್ರಿಕೆ ನಿನ್ನೆಯ ಸುದ್ದಿಯನ್ನು ಗೇಲಿ ಮಾಡಲಾರದು. ಓದುಗರ ಕೈ ಸೇರುವಷ್ಟರಲ್ಲಿ ಸುದ್ದಿ ಹಳಸಿರುತ್ತದೆ. ಹಾಗಾಗಿ ಅದು ಮನುಷ್ಯರ ಚಾಳಿಗಳ ಮೇಲೆ ಕಣ್ಣಿಡಬೇಕು. ಭಾಷಣದ ಚಟ, ಜಂಬ, ಕಚೇರಿಯ ಬಾಲಬಡುಕತನ, ಬೀಗರ ಬಿಗುಮಾನ ಇವು ತಿಂಗಳಿಗೆ ಹಳಸುವುದಿಲ್ಲ. ಅಪ್ಪನ ಕಟ್ಟುಗಳನ್ನು ಇಂದು ಬಿಚ್ಚಿದರೂ ನಗು ಬರುವುದು ಇದಕ್ಕೇ.

ಇನ್ನು ಲೆಕ್ಕದ ವಿಷಯ. ರಾಶಿಯವರಿಗೆ ದವಾಖಾನೆಯಿತ್ತು. ಅವರ ಮನೆಯ ಒಲೆ ಪತ್ರಿಕೆಯಿಂದ ಉರಿಯಬೇಕಾಗಿರಲಿಲ್ಲ. ಆದ್ದರಿಂದ ಯಾವ ಶ್ರೀಮಂತನನ್ನೂ ಮಂತ್ರಿಯನ್ನೂ ಓಲೈಸಬೇಕಾದ ಕಷ್ಟ ಅವರಿಗೆ ಬರಲಿಲ್ಲ ಎಂದು ನಾನು ತಿಳಿಯುತ್ತೇನೆ. ಆ ನಗೆ ಅಷ್ಟು ತಿಳಿಯಾಗಿರುವುದಕ್ಕೆ ಸಂಪಾದಕರ ಸಜ್ಜನಿಕೆಯಷ್ಟೇ ಈ ಸ್ವಂತ ದುಡಿಮೆಯೂ ಕಾರಣ.

ಕೆಜಿಎಫ್‌ನಲ್ಲಿ ಶಿಕ್ಷಕಿಯಾದ ಮೇಲೆ ನನಗೆ ಇನ್ನೊಂದು ಬಗೆಯ ವ್ಯಾಪಾರದ ಪರಿಚಯವಾಯಿತು. ಗಣಿಯೂರಿನ ಓಣಿಗಳಲ್ಲಿ ತಮಿಳಿನದೇ ಹೆಚ್ಚು ಬಳಕೆ. ನನ್ನ ಜೊತೆಯ ತಮಿಳು ಟೀಚರು ಮಧ್ಯಾಹ್ನದ ಬುತ್ತಿಯ ಜೊತೆಗೆ 'ಆನಂದ ವಿಕಟನ್' ತಂದು, ನಗೆಹನಿಗಳನ್ನು ನನಗೆ ಕನ್ನಡದಲ್ಲಿ ಹೇಳುತ್ತಿದ್ದರು. ಅದನ್ನು 1928ರಲ್ಲಿ ಕೊಂಡು ಬೆಳೆಸಿದವರು ಎಸ್. ಎಸ್. ವಾಸನ್, ಮುಂದೆ ಜೆಮಿನಿ ಸ್ಟುಡಿಯೋ ಕಟ್ಟಿದವರು. ಕತೆ, ಧಾರಾವಾಹಿ, ಸಿನಿಮಾ, ಜಾಹೀರಾತು ಎಲ್ಲ ತುಂಬಿದ ದೊಡ್ಡ ಅಂಗಡಿ ಅದು, ನಗೆ ಅದರೊಳಗಿನ ಒಂದು ಸರಕು. ಆದರೆ ದೊಡ್ಡ ಅಂಗಡಿಗೆ ದೊಡ್ಡ ಬೆನ್ನೆಲುಬೂ ಇರುತ್ತದೆ. 1987ರಲ್ಲಿ ಶಾಸಕರನ್ನೂ ಮಂತ್ರಿಗಳನ್ನೂ ಗೇಲಿ ಮಾಡಿದ ಮುಖಪುಟದ ಒಂದು ನಗೆಚಿತ್ರಕ್ಕಾಗಿ ತಮಿಳುನಾಡಿನ ವಿಧಾನಸಭೆ ಸಂಪಾದಕ ಎಸ್. ಬಾಲಸುಬ್ರಮಣಿಯನ್ ಅವರಿಗೆ ಮೂರು ತಿಂಗಳ ಸೆರೆವಾಸ ವಿಧಿಸಿತು. ಜನ ರೇಗಿದರು, ಕೆಲವೇ ದಿನಗಳಲ್ಲಿ ಬಿಡುಗಡೆಯಾಯಿತು. ಅವರು ಅಷ್ಟಕ್ಕೆ ಬಿಡದೆ ನ್ಯಾಯಾಲಯಕ್ಕೆ ಹೋಗಿ ಸಾವಿರ ರೂಪಾಯಿ ಪರಿಹಾರ ಪಡೆದರು. ಸಾವಿರ ರೂಪಾಯಿ ಅವರಿಗೆ ಹಣವಾಗಿ ಬೇಕಾಗಿರಲಿಲ್ಲ ಎಂಬುದು ಯಾರಿಗಾದರೂ ತಿಳಿಯುತ್ತದೆ.

ಮೂರನೆಯ ದಾರಿ ನಮ್ಮ ಪಿ. ಲಂಕೇಶರದು. ಪ್ರಾಧ್ಯಾಪಕರ ಹುದ್ದೆ ಬಿಟ್ಟಿದ್ದ ಅವರು 1980ರ ಜುಲೈನಲ್ಲಿ 'ಲಂಕೇಶ್ ಪತ್ರಿಕೆ' ಆರಂಭಿಸಿದಾಗ ಜಾಹೀರಾತು ಬೇಡವೆಂದರು. ಕೊಂಡು ಓದುವವರ ಚಿಲ್ಲರೆಯೇ ಅದರ ಬಂಡವಾಳ. ವಾರಪತ್ರಿಕೆಯಾದ್ದರಿಂದ ಚಾಳಿಯನ್ನಲ್ಲ, ಹೆಸರು ಹಿಡಿದು ಮನುಷ್ಯರನ್ನೇ ಅಣಕಿಸುವುದು ಅದಕ್ಕೆ ಸಾಧ್ಯವಾಯಿತು. ಅಪ್ಪ ಅದನ್ನು ಬಾಗಿಲು ಹಾಕಿಕೊಂಡು ಓದುತ್ತಿದ್ದರು. "ಇದು ಹಿಂದಿರುಗುವ ಕಟ್ಟಲ್ಲ" ಎಂಬುದು ಅವರ ವಿಮರ್ಶೆ. ಆದರೆ ಓದುಗನ ಚಿಲ್ಲರೆಗೂ ಒಂದು ಹಂಗಿದೆ. ಪ್ರತಿ ವಾರವೂ ಖಾರ ಬೇಕು ಎನ್ನುವ ನಾಲಿಗೆಗೆ ಬಡಿಸುತ್ತಾ ಹೋದರೆ ಕೆಲವು ಸಲ ಅಡುಗೆಯಲ್ಲಿ ಖಾರವೊಂದೇ ಉಳಿಯುತ್ತದೆ.

ಈಗ ನನ್ನ ಕತೆ. 2001ರ ಫೆಬ್ರವರಿ ಕೊನೆಗೆ ಚಿನ್ನದ ಗಣಿ ಮುಚ್ಚಿತು. ನೂರು ವರ್ಷ ದಾಟಿದ ಕೆಲಸ ಒಂದು ದಿನಕ್ಕೆ ನಿಂತಿತು. ಅದಾದ ಎರಡು ವರ್ಷಕ್ಕೆ, ನಾನು ಆಗ ಪಾಠ ಮಾಡುತ್ತಿದ್ದ ಕೆಜಿಎಫ್‌ನ ಒಂದು ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರೊಂದಿಗೆ ಗೋಡೆಪತ್ರಿಕೆ ಶುರು ಮಾಡಿದೆ. ಹೆಸರು 'ಒಗ್ಗರಣೆ'. ಪೂರ್ತಿ ಸುಳ್ಳುಸುದ್ದಿಗಳ ಪತ್ರಿಕೆ, ಆದರೆ ಪ್ರತಿ ಸುಳ್ಳಿನೊಳಗೂ ಒಂದು ನಿಜ ಇರಬೇಕು. ಶುಕ್ರವಾರ ಸಂಜೆ ಒಬ್ಬೊಬ್ಬಳೂ ನಾಲ್ಕು ಸುದ್ದಿ ತರಬೇಕು, ನಗದೆ ಗಟ್ಟಿಯಾಗಿ ಓದಬೇಕು. ನಮಗಿಂತ ಸಣ್ಣವರ ಮೇಲೆ ಬರೆದದ್ದನ್ನು ಹರಿದುಹಾಕಬೇಕು. ತೊದಲುವ ಟೈಲರ್ ಮೇಲೆ ಬರೆದ ಸುದ್ದಿಗೆ ಎಲ್ಲರೂ ಬಿದ್ದು ಬಿದ್ದು ನಕ್ಕರು, ಅದನ್ನೂ ಹರಿದೆವು. ಉಳಿದದ್ದರಲ್ಲಿ ಒಂದು ಹವಾಮಾನ ವರದಿ: ಸಂಜೆ ಸಯನೈಡ್ ದಿಬ್ಬದ ಕಡೆಯಿಂದ ಗಾಳಿ ಬೀಸಲಿದ್ದು, ಹೊರಗೆ ಒಣಹಾಕಿದ ಬಟ್ಟೆಗಳಿಗೆ ಪೌಡರ್ ಉಚಿತ. ಕೆಲಸ ಕಳೆದುಕೊಂಡ ಅಪ್ಪಂದಿರ ಮಕ್ಕಳು ಇದನ್ನು ಬರೆದರು ನೋಡಿ.

ಡ್ರಾಯಿಂಗ್ ಹಾಳೆ, ಸ್ಕೆಚ್ ಪೆನ್ನು, ಗೋಂದು ಸೇರಿ ತಿಂಗಳಿಗೆ ನಲವತ್ತು ರೂಪಾಯಿ ಖರ್ಚು. ಅದನ್ನು ಆಡಳಿತ ಮಂಡಳಿಯ ಸದಸ್ಯರೊಬ್ಬರು ಕೊಡುತ್ತಿದ್ದರು. ಅವರೇ ಶಾಲೆಗೆ ಬೆಂಚುಗಳನ್ನೂ ಕೊಟ್ಟರು, ಪ್ರತಿ ಬೆಂಚಿನ ಮೇಲೆ ಕೆಂಪು ಬಣ್ಣದಲ್ಲಿ ಅವರ ಹೆಸರು. ಬಣ್ಣ ಒಣಗುವ ಮೊದಲೇ ಹುಡುಗಿಯರು ಕೂತರು. ಮುಂದಿನ 'ಒಗ್ಗರಣೆ'ಯಲ್ಲಿ ಸುದ್ದಿ ಬಂತು: ಒಂಬತ್ತನೆಯ ತರಗತಿಯ ಇಪ್ಪತ್ತಾರು ವಿದ್ಯಾರ್ಥಿನಿಯರು ತಮ್ಮ ಲಂಗಗಳ ಮೇಲಿನ ಆಧಾರದಿಂದ ತಾವೂ ದಾನಿಗಳೆಂದು ಘೋಷಿಸಿಕೊಂಡಿದ್ದು, ಸನ್ಮಾನದ ದಿನಾಂಕಕ್ಕಾಗಿ ಕಾಯುತ್ತಿದ್ದಾರೆ.

ಎರಡು ದಿನ ಇಡೀ ಶಾಲೆ ನಕ್ಕಿತು. ಮೂರನೆಯ ದಿನ ನನ್ನನ್ನು ಕರೆಸಿ, "ಉಂಡ ಮನೆಗೆ ಎರಡು ಬಗೆಯಬಾರದು ಮೇಡಂ" ಎಂದರು. ಅಷ್ಟೇ, ಬೈಯಲಿಲ್ಲ. ಆಗ ನನ್ನ ಕೆಲಸ ಖಾಯಂ ಆಗಿರಲಿಲ್ಲ, ಸಂಬಳ ಕೊಡುತ್ತಿದ್ದದ್ದು ಆ ಮಂಡಳಿಯೇ. ಆ ನಲವತ್ತು ರೂಪಾಯಿಯನ್ನು ನಾನೇ ಹಾಕಬಹುದಿತ್ತು, ಆದರೆ ಪ್ರಶ್ನೆ ನಲವತ್ತು ರೂಪಾಯಿಯದಾಗಿರಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಹಾಳೆಯನ್ನು ಗೋಡೆಯಿಂದ ನಾನೇ ಬಿಡಿಸಿದೆ. ಹುಡುಗಿಯರಿಗೆ ಪರೀಕ್ಷೆ ಹತ್ತಿರ ಬಂತೆಂದು ಹೇಳಿದೆ. ಸುಳ್ಳುಸುದ್ದಿಯಲ್ಲೂ ನಿಜವಿರಬೇಕೆಂದು ಕಲಿಸಿದವಳು ಹೇಳಿದ ಆ ಸುಳ್ಳಿನಲ್ಲಿ ಒಂದು ಚೂರೂ ನಿಜವಿರಲಿಲ್ಲ.

ಆ ರಾತ್ರಿ ಟ್ರಂಕು ತೆಗೆದು ಮತ್ತೆ 'ಕೊರವಂಜಿ' ಓದಿದೆ. ಈ ಸಲ ನಗುವಿನ ಜೊತೆ ಅಸೂಯೆಯೂ ಬಂತು. ದವಾಖಾನೆ ಇದ್ದವರ ನಗೆ ಇದು ಎನಿಸಿತು. ಮೊದಲು ಕಾಣದ ಒಂದು ಕೊರತೆಯೂ ಕಂಡಿತು. ನನ್ನಲ್ಲಿದ್ದ ಸಂಚಿಕೆಗಳು ಬಹುಮಟ್ಟಿಗೆ ಬೆಂಗಳೂರು ಮೈಸೂರುಗಳ ಓದುಬರಹ ಬಲ್ಲ ಮನೆಗಳವು. ಕಾಫಿ, ಕಚೇರಿ, ವಧುಪರೀಕ್ಷೆ. ಬೆಂಗಳೂರಿನಿಂದ ನೂರು ಕಿಲೋಮೀಟರ್ ದೂರದಲ್ಲಿ ನೆಲದಡಿ ಮೈಲಿಗಟ್ಟಲೆ ಇಳಿದು ಹತ್ತುವ ಜನರ ನಗೆಯನ್ನು ಆ ಮೂರು ಕಟ್ಟುಗಳಲ್ಲಿ ಹುಡುಕಿದೆ, ಸಿಗಲಿಲ್ಲ. ಯಾರನ್ನೂ ನೋಯಿಸದ ನಗೆ ಎಂದು ನಾವು ಹೊಗಳುವಾಗ, ಅದು ಯಾರನ್ನು ನೋಡಲೇ ಇಲ್ಲ ಎಂದೂ ಕೇಳಬೇಕಲ್ಲವೆ?

ಆ ಕಾಲದ ಹಾಸ್ಯದಲ್ಲಿ ಹೆಂಗಸರ ಪಾಡೂ ಸುಖದ್ದಲ್ಲ. ಸೀರೆ ಕೇಳುವ ಹೆಂಡತಿ, ಸೀದ ಹುಳಿ, ಬಿಗುವಿನ ಅತ್ತೆ ಇವೇ ಸರಕು. ಅದಕ್ಕೇ ನನಗೆ ಸುನಂದಮ್ಮನವರು ಬಹಳ ದೊಡ್ಡವರಾಗಿ ಕಾಣುತ್ತಾರೆ. ಅದೇ ಅಡುಗೆಮನೆಯಲ್ಲಿ ಕುಳಿತು, ಅದೇ ಸೀರೆ ಒಡವೆಗಳ ಮಾತನ್ನೇ ಎತ್ತಿಕೊಂಡು, ಅವರು ನಗುವವರ ಜಾಗವನ್ನೇ ಬದಲಿಸಿದರು. ಅಲ್ಲಿಯವರೆಗೆ ಹೆಂಡತಿಯನ್ನು ನೋಡಿ ಗಂಡ ನಗುತ್ತಿದ್ದ. ಇಲ್ಲಿ ಹೆಂಡತಿ ತನ್ನನ್ನೂ ಗಂಡನನ್ನೂ ಒಟ್ಟಿಗೆ ನೋಡಿ ನಗುತ್ತಾಳೆ. 1979ರಲ್ಲಿ ಹುಟ್ಟಿದ ಕರ್ನಾಟಕ ಲೇಖಕಿಯರ ಸಂಘಕ್ಕೆ ಅವರೇ ಮೊದಲ ಅಧ್ಯಕ್ಷೆಯಾದರು. ಉಣ್ಣುವ ಮನೆಯಲ್ಲೇ ಕುಳಿತು ಆ ಮನೆಯನ್ನು ನಗೆಯಾಡುವುದು ದವಾಖಾನೆಯಲ್ಲಿ ಕುಳಿತು ನಗೆಯಾಡಿದಷ್ಟು ಸುಲಭವಲ್ಲ. ಪ್ರತ್ಯೇಕ ಒಲೆ ಎಲ್ಲಿದೆ ನಮಗೆ? ಅವರನ್ನು ಬರೀ 'ತಿಳಿಹಾಸ್ಯದ ಲೇಖಕಿ' ಎಂದು ಮುಗಿಸುವವರಿಗೆ ಈ ಲೆಕ್ಕ ಗೊತ್ತಿಲ್ಲ.

1983ರಲ್ಲಿ ರಾಶಿಯವರ ಮಗ ಎಂ. ಶಿವಕುಮಾರ್ 'ಅಪರಂಜಿ' ಹೊರಡಿಸಿ ಆ ನಗೆಯನ್ನು ದಶಕಗಳ ಕಾಲ ಮುಂದುವರಿಸಿದರು. ಅಪರಂಜಿ ಎಂದರೆ ಅಪ್ಪಟ ಚಿನ್ನ. ಚಿನ್ನದ ವಿಷಯ ನಮ್ಮೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಟನ್ನುಗಟ್ಟಲೆ ಕಲ್ಲು ಪುಡಿ ಮಾಡಿದರೆ ಕೆಲವು ಗ್ರಾಂ ಸಿಕ್ಕೀತು, ಉಳಿದದ್ದು ದಿಬ್ಬವಾಗುತ್ತದೆ. ಶುಕ್ರವಾರ ಸಂಜೆಗಳಲ್ಲಿ ಹುಡುಗಿಯರು ತಂದ ನೂರು ಸುದ್ದಿಗಳಲ್ಲಿ ಉಳಿಯುತ್ತಿದ್ದದ್ದು ಐದೋ ಆರೋ.

ಕಳೆದ ವರ್ಷ ಬಂಗಾರಪೇಟೆಯ ಪ್ಲಾಟ್‌ಫಾರಂನಲ್ಲಿ ಒಬ್ಬಳು ನನ್ನನ್ನು ಗುರುತು ಹಿಡಿದಳು. ಲಂಗದ ಸುದ್ದಿ ಬರೆದವಳು. ಈಗ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸು, ದಿನವೂ ರೈಲಿನಲ್ಲಿ ಓಡಾಟ. ಮಾತಿನ ನಡುವೆ "ಟೀಚರ್, ಒಗ್ಗರಣೆ ಯಾಕೆ ನಿಲ್ಲಿಸಿದಿರಿ?" ಎಂದಳು. ಇಷ್ಟು ವರ್ಷಕ್ಕೆ ನಿಜ ಹೇಳಿದೆ. ಸಂಬಳ, ಖಾಯಂ, ಹೆದರಿಕೆ, ಎಲ್ಲ. ಅವಳು ಬ್ಯಾಗು ಹೆಗಲಿಗೇರಿಸುತ್ತಾ ಹೇಳಿದಳು: "ನಮಗೆ ಅವತ್ತೇ ಗೊತ್ತಿತ್ತು ಟೀಚರ್. ಪರೀಕ್ಷೆಗೆ ಇನ್ನೂ ನಾಲ್ಕು ತಿಂಗಳಿತ್ತು."

ಇಬ್ಬರೂ ನಕ್ಕೆವು. ಅಷ್ಟರಲ್ಲಿ ಅವಳ ರೈಲು ಬಂತು. ಆ ಹಾಳೆ ಈಗಲೂ ಅಪ್ಪನ ಟ್ರಂಕಿನಲ್ಲಿ 'ಕೊರವಂಜಿ'ಯ ಮೂರು ಕಟ್ಟುಗಳ ಮೇಲೆಯೇ ಇದೆ, ನಾಲ್ಕೂ ಮೂಲೆಗಳಲ್ಲಿ ಗೋಡೆಯ ಸುಣ್ಣ ಅಂಟಿಕೊಂಡು.