ಗಾಜಿನ ಕಡ್ಡಿಗೆ ಸುತ್ತಿಕೊಂಡ ಎಳೆ

ರಕ್ತ ಬೆರೆಸಿದ ಅಗಾರ್ ತಟ್ಟೆಯ ಮೇಲೆ ನ್ಯುಮೊಕಾಕಸ್ ಬ್ಯಾಕ್ಟೀರಿಯಾದ ಎರಡು ಬಗೆಗಳನ್ನು ಬರಿಗಣ್ಣಿನಲ್ಲೇ ಗುರುತಿಸಬಹುದು. ಒಂದರ ಕಾಲೊನಿಗಳು ನುಣುಪು, ಹೊಳಪು. ಇನ್ನೊಂದರವು ಚಿಕ್ಕವು, ಒರಟು. ಹೊಳಪು ಸಕ್ಕರೆಯ ಕವಚದ್ದು. ಕವಚವಿದ್ದದ್ದು ಇಲಿಯನ್ನು ಕೊಲ್ಲುತ್ತದೆ, ಇಲ್ಲದ್ದು ಏನೂ ಮಾಡದು. ಶಾಖದಿಂದ ಕೊಂದ ನುಣುಪು ಬ್ಯಾಕ್ಟೀರಿಯಾದ ಜೊತೆ ಸೇರಿದ ಒರಟು ಬ್ಯಾಕ್ಟೀರಿಯಾ ತಾನೂ ಮಾರಕವಾಗುತ್ತದೆಂದು 1928ರಲ್ಲೇ ಫ್ರೆಡರಿಕ್ ಗ್ರಿಫಿತ್ ತೋರಿಸಿದ್ದ.

ಸತ್ತದ್ದರಿಂದ ಬದುಕಿದ್ದಕ್ಕೆ ದಾಟಿಹೋದದ್ದೇನು? ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಆಸ್ವಾಲ್ಡ್ ಏವರಿ, ಕಾಲಿನ್ ಮೆಕ್ಲಿಯಾಡ್, ಮ್ಯಾಕ್ಲಿನ್ ಮೆಕಾರ್ಟಿ ಅದರ ಬೆನ್ನು ಹತ್ತಿದ ಪರಿ ನನಗೆ ಇಂದಿಗೂ ಬೆರಗು. ದನದ ಹೃದಯದ ಸಾರಿನಲ್ಲಿ 75 ಲೀಟರ್‌ವರೆಗೂ ಬ್ಯಾಕ್ಟೀರಿಯಾ ಬೆಳೆಸುವುದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಬೇರ್ಪಡಿಸುವುದು, 65 ಡಿಗ್ರಿಯಲ್ಲಿ ಕೊಲ್ಲುವುದು. ಆಮೇಲೆ ಕ್ಲೋರೋಫಾರ್ಮ್ ಹಾಕಿ ಕುಲುಕಿ ಕುಲುಕಿ ಪ್ರೋಟೀನ್ ಕಳೆಯುವುದು, ಕಿಣ್ವ ಬಿಟ್ಟು ಕವಚದ ಸಕ್ಕರೆಯನ್ನೂ ಕರಗಿಸುವುದು. ಎಂಥ ತಾಳ್ಮೆ! ಕೊನೆಗೆ ಕಲಕುತ್ತ ಹನಿಹನಿಯಾಗಿ ಆಲ್ಕೋಹಾಲ್ ಬಿಡಬೇಕು. ಪ್ರಮಾಣ ಹದಕ್ಕೆ ಬಂದ ಗಳಿಗೆ, ಕದಿರಿಗೆ ನೂಲು ಸುತ್ತುವಂತೆ ಬಿಳಿ ಎಳೆಗಳು ತಾವಾಗಿ ಗಾಜಿನ ಕಡ್ಡಿಗೆ ಸುತ್ತಿಕೊಳ್ಳುತ್ತವೆ. ಬೇಡದ ಕಲ್ಮಷ ದ್ರಾವಣದಲ್ಲೇ ಉಳಿಯುತ್ತದೆ.

ಅಷ್ಟೆಲ್ಲ ದುಡಿದು ದಕ್ಕಿದ್ದು 10ರಿಂದ 25 ಮಿಲಿಗ್ರಾಂ ಡಿಎನ್‌ಎ. ಆದರೆ 60 ಕೋಟಿಯಲ್ಲೊಂದು ಪಾಲಿಗೆ ತೆಳುಮಾಡಿದರೂ ಅದು ಒರಟನ್ನು ನುಣುಪಾಗಿಸುತ್ತಿತ್ತು. 1944ರ ಪ್ರಬಂಧದಲ್ಲಿ ಅವರು ಇದನ್ನೆಲ್ಲ ಎಷ್ಟು ಮೆಲುದನಿಯಲ್ಲಿ ಹೇಳಿದ್ದಾರೆ! ಅವರು ಬಳಸಿದ ಒರಟು ತಳಿಯಲ್ಲಿ ಕವಚ ಕಟ್ಟುವ ವಂಶವಾಹಿಗಳದೇ ಒಂದು ತುಂಡು ಕಳೆದುಹೋಗಿತ್ತೆಂಬುದು ಗೊತ್ತಾಗಿದ್ದು ಬಹಳ ವರ್ಷಗಳ ಮೇಲೆ.