ಸೀತಾಪ್ರಲಾಪದ ಧಾಟಿಯ ಮೂಲ

ಜೈಮಿನಿ ಭಾರತದ ಸೀತಾಪರಿತ್ಯಾಗ ಪ್ರಸಂಗವು ಕನ್ನಡದ ಕರುಣರಸಕ್ಕೆ ಒಂದು ನಿಕಷವಾಗಿದೆ. ಲಕ್ಷ್ಮಣನು ಅಣ್ಣನ ಆಜ್ಞೆಯನ್ನು ತಿಳಿಸಿ ಹಿಂದಿರುಗಿದ ಮೇಲೆ, ಗರ್ಭಿಣಿಯಾದ ಜಾನಕಿಯು ಅಡವಿಯಲ್ಲಿ ಮೊರೆಯಿಡುವ ಪದ್ಯಗಳನ್ನು ಗಮಕಿಗಳು ವಾಚಿಸುವ ಧಾಟಿಗೆ ಮೂಲವಾವುದೆಂಬುದು ವಿಚಾರಾರ್ಹವಾದ ವಿಷಯ.

ಮೂಡಿಗೆರೆ, ಕಳಸಗಳ ಕಾಫಿಯ ಮಲೆಗಳಿಗೆ ಮೂಡಲಲ್ಲಿ, ಅದೇ ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನಲ್ಲಿರುವ ದೇವನೂರೇ ಲಕ್ಷ್ಮೀಶನು ಸ್ತುತಿಸಿದ ದೇವಪುರವೆಂಬುದು ಬಹುಮಾನ್ಯವಾದ ಅಭಿಪ್ರಾಯ. ನಾದಲೋಲನೆಂದು ಪ್ರಸಿದ್ಧನಾದ ಕವಿಯೊಡನೆ ಈ ಧಾಟಿಯೂ ಆ ಊರಿನಲ್ಲಿಯೇ ಹುಟ್ಟಿತೆಂದು ಊಹಿಸುವುದು ಸುಲಭ. ಆದರೆ ಊಹೆಯು ನಿಲ್ಲುವುದಿಲ್ಲ.

ಕಾವ್ಯವು ವಾರ್ಧಕ ಷಟ್ಪದಿಯಲ್ಲಿದೆ. ಇದರ 1, 2, 4, 5ನೆಯ ಪಾದಗಳಲ್ಲಿ ಐದು ಮಾತ್ರೆಯ ನಾಲ್ಕು ಗಣಗಳೂ, 3, 6ನೆಯ ಪಾದಗಳಲ್ಲಿ ಅಂಥ ಆರು ಗಣಗಳೂ ಕೊನೆಗೊಂದು ಗುರುವೂ ಬರುವುವು. ಲಕ್ಷ್ಮೀಶನಿಗೆ ಬಹು ಹಿಂದೆ, 13ನೆಯ ಶತಮಾನದ ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ, ಚಂದ್ರಮತಿಯು ಮಗನ ಶವದ ಮುಂದೆ ಗೋಳಿಡುವುದೂ ಇದೇ ಷಟ್ಪದಿಯಲ್ಲಿ. ಆದುದರಿಂದ ಶೋಕದ ಅಚ್ಚು ದೇವನೂರಿಗಿಂತ ಹಳೆಯದು.

ಹಾಗೆಂದು ಮೂಲವು ಛಂದಸ್ಸೊಂದೇ ಎನ್ನಲೂ ಆಗದು. ಸುಧನ್ವ, ಬಭ್ರುವಾಹನರ ಯುದ್ಧಗಳೂ ಇದೇ ವಾರ್ಧಕದಲ್ಲಿ ಗರ್ಜಿಸುವುವು. ಮೂಲವು ರಾಗವೂ ಅಲ್ಲ. ಒಬ್ಬ ಗಮಕಿಯು ಮುಖಾರಿಯನ್ನು ಹಿಡಿದರೆ ಮತ್ತೊಬ್ಬನು ಬೇರೊಂದು ರಾಗವನ್ನು ಹಿಡಿಯಬಹುದು. ರಾಗವು ಬದಲಾದರೂ ಬದಲಾಗದಿರುವುದು ಪದ್ಯದ ನಿಲುಗಡೆ. ತಾಳದ ಕಟ್ಟಿಲ್ಲದ ವಾಚನದಲ್ಲಿ ಮೂರನೆಯ ಹಾಗೂ ಆರನೆಯ ಪಾದಗಳ ಕೊನೆಯ ಗುರುವು ಉಸಿರಿಗೆ ಎಡೆಗೊಡುವುದು. ವೀರದಲ್ಲಿ ಕಂಠವು ಆ ಎಡೆಯನ್ನು ದಾಟಿ ಮುನ್ನುಗ್ಗುವುದು; ಶೋಕದಲ್ಲಿ ಅಲ್ಲಿಯೇ ತಂಗುವುದು. ಹೀಗೆ ತಂಗುವುದರಿಂದಲೇ ಧಾಟಿಯು ಹುಟ್ಟುವುದು.

ಐರ್ಲೆಂಡಿನ ಪ್ರಸಿದ್ಧ ಶೋಕರಾಗವಾದ ಲಂಡನ್‌ಡರಿ ಏರ್ ಇದಕ್ಕೆ ಹೋಲಿಕೆಯಾಗಬಲ್ಲದು. ಲಿಮವಾಡಿಯ ಜೇನ್ ರಾಸ್ ಎಂಬಾಕೆಯು ಒದಗಿಸಿದ ಈ ಧಾಟಿಯನ್ನು ಜಾರ್ಜ್ ಪೆಟ್ರಿಯು 1855ರಲ್ಲಿ ಪ್ರಕಟಿಸಿದನು; ಅದರೊಡನೆ ಸಾಹಿತ್ಯವಿರಲಿಲ್ಲ. ಇಂದು ಎಲ್ಲರೂ ಬಲ್ಲ ಡ್ಯಾನಿ ಬಾಯ್ ಎಂಬ ಗೀತವು ಅದಕ್ಕೆ ಕೂಡಿದುದು 1913ರಲ್ಲಿ. ಪ್ರಾಚೀನ ವೈಣಿಕನೊಬ್ಬನನ್ನು ಅದರ ಕರ್ತೃವೆಂದು ಹೇಳುವ ಐತಿಹ್ಯವೂ ಬೆಳೆಯಿತು. 1934ರಲ್ಲಿ ಆನ್ ಗಿಲ್‌ಕ್ರಿಸ್ಟ್ ಎಂಬ ವಿದುಷಿಯು ಕರ್ತೃವಿನ ಬೆನ್ನು ಹತ್ತದೆ ಲಯವನ್ನೇ ಪರೀಕ್ಷಿಸಿ, ಅದನ್ನು ಬರೆದುಕೊಳ್ಳುವಾಗ ಮೂಲದ ನಡೆಯೇ ತಪ್ಪಾಗಿ ಗ್ರಹಿಸಲ್ಪಟ್ಟಿರಬೇಕೆಂದು ವಾದಿಸಿದಳು. ಆ ವಾದವನ್ನು ಒಪ್ಪಿದರೂ ಬಿಟ್ಟರೂ ಅದರ ಮಾರ್ಗವು ಅನುಸರಣೀಯ.

ತರಗತಿಯಲ್ಲಿ ಪದ್ಯವನ್ನು ಒಮ್ಮೆಯೂ ವಾಚಿಸದೆ, ಮೊದಲೇ ಅನ್ವಯಕ್ಕಾಗಿ ಒಡೆದು ಅರ್ಥ ಹೇಳುವ ಪದ್ಧತಿಯಲ್ಲಿ ಮೊದಲು ಅಳಿಯುವುದು ಈ ನಿಲುಗಡೆಯೇ. ಆಗ ಸೀತೆಯ ಮಾತು ವಿದ್ಯಾರ್ಥಿಗೆ ತಿಳಿಯುವುದು. ಅವಳ ಅಳು ಕೇಳಿಸದು.